ಪದಬಂಧದ ಒಂದು ಮೂಲೆ ತುಂಬುತ್ತಿಲ್ಲವೇ? ತುಂಬಿದ ಮನೆಗಳಿಂದ ಹುಡುಕಿ

ಮೈಸೂರಿನಿಂದ ಮಂಡ್ಯಕ್ಕೆ ಬೆಳಗಿನ ರೈಲಿನಲ್ಲಿ ಓಡಾಡುವ ನಾವು ನಾಲ್ಕೈದು ಜನ ದಿನಾ ಪೇಪರಿನ ಪದಬಂಧ ಬಿಡಿಸುತ್ತೇವೆ. ನಾಗನಹಳ್ಳಿ ದಾಟುವಷ್ಟರಲ್ಲಿ ಸುಲಭದ ಸುಳಿವುಗಳು ಮುಗಿಯುತ್ತವೆ. ಶ್ರೀರಂಗಪಟ್ಟಣದಲ್ಲಿ ಹೊಳೆ ದಾಟುವಾಗ ಅರ್ಧಕ್ಕಿಂತ ಜಾಸ್ತಿ ತುಂಬಿರುತ್ತದೆ. ಆಮೇಲೆ ಪಾಂಡವಪುರದಿಂದ ಯಲಿಯೂರಿನವರೆಗೂ ಒಂದೇ ಮೂಲೆಯನ್ನು ನೋಡುತ್ತಾ ಕೂರುತ್ತೇವೆ. ಭಾನುವಾರದ ದೊಡ್ಡ ಪದಬಂಧವಾದರೆ ಸೋಮವಾರವೂ ಅದೇ ಹಾಳೆ ಕೈಯಲ್ಲಿರುತ್ತದೆ.

ಹೀಗೆ ಸಿಕ್ಕಿಕೊಂಡಾಗ ಏನು ಮಾಡಬೇಕು ಅಂತ ಬರೆದಿಡೋಣ ಅನ್ನಿಸಿತು. ಇಷ್ಟು ವರ್ಷ ಬಿಡಿಸಿದ ಮೇಲೆ ನನಗೆ ಗಟ್ಟಿಯಾಗಿ ಗೊತ್ತಾಗಿರುವುದು ಒಂದು. ಖಾಲಿ ಮನೆಗಳಲ್ಲಿ ದೋಷ ಇರುವುದು ಕಡಿಮೆ. ಅವುಗಳ ಪಕ್ಕದಲ್ಲಿ ನಾವು ಆಗಲೇ ತುಂಬಿ, ಸರಿ ಅಂತ ನಂಬಿ ಮುಂದೆ ಹೋದ ಪದ ಇರುತ್ತದೆ ನೋಡಿ, ಅಲ್ಲಿ ಇರುತ್ತದೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಗದ್ದೆಗೆ ನೀರು ಬರಲಿಲ್ಲ ಅಂದ್ರೆ ರೈತ ಆ ಗದ್ದೆಯಲ್ಲೇ ಅಗೆಯುತ್ತಾ ಕೂರುವುದಿಲ್ಲ, ಅಲ್ವಾ? ನಾಲೆ ಏರಿಯ ಮೇಲೆ ಹಿಂದಕ್ಕೆ ನಡೆಯುತ್ತಾನೆ. ಎಲ್ಲಿ ಹೂಳು ಕಟ್ಟಿದೆ, ಯಾವ ತೂಬು ಮುಚ್ಚಿದೆ ಅಂತ ನೋಡುತ್ತಾನೆ. ಪದಬಂಧದಲ್ಲೂ ಅದೇ ನಡಿಗೆ.

ನನ್ನ ಕೈಯಲ್ಲೇ ಕೆಟ್ಟ ಒಂದು ಮೂಲೆ

ಹೋದ ದಸರೆ ಹೊತ್ತಿನಲ್ಲಿ ಬಲಗಡೆ ಮೇಲಿನ ಮೂಲೆ ಹೀಗೆ ಸಿಕ್ಕಿಕೊಂಡಿತ್ತು. ಸುಳಿವುಗಳು ನಾಲ್ಕು. ಆವರಣದಲ್ಲಿರುವುದು ಆ ಪದಕ್ಕೆ ಎಷ್ಟು ಮನೆ ಅನ್ನುವ ಲೆಕ್ಕ.

4, ಎಡದಿಂದ ಬಲಕ್ಕೆ: ಮೋಡ (3)
9, ಎಡದಿಂದ ಬಲಕ್ಕೆ: ಚಾವುಂಡರಾಯನ ಒಡೆಯರು (3)
4, ಮೇಲಿನಿಂದ ಕೆಳಕ್ಕೆ: ಊರ ಗದ್ದೆಗಳಿಗೆಲ್ಲ ಪಾಲು ಕೊಡುವವನು (4)
5, ಮೇಲಿನಿಂದ ಕೆಳಕ್ಕೆ: ದಸರೆಯಲ್ಲಿ ಅರಮನೆಯೊಳಗಿನ ಖಾಸಗಿ ಸಭೆ (3)

ಮೋಡಕ್ಕೆ ‘ಜಲದ’ ಅಂತ ತಕ್ಷಣ ಹೊಳೆಯಿತು. ಜಲವನ್ನು ಕೊಡುವುದು ಜಲದ. ಪೆನ್ನಿನಲ್ಲೇ ಬರೆದೆ. ಅದರ ಕೊನೆಯ ‘ದ’ದಿಂದ ಕೆಳಗಿಳಿಯುವ ಪದ ‘ದರ್ಬಾರು’. ಸರಿಯಾಗಿ ಕೂತಿತು. ಕೂತ ಮೇಲೆ ‘ಜಲದ’ದ ಮೇಲೆ ನನಗೆ ಯಾವ ಅನುಮಾನವೂ ಉಳಿಯಲಿಲ್ಲ.

ಆಗ ಮೂಲೆ ಕಂಡದ್ದು ಹೀಗೆ:

ಜ | ಲ | ದ
? | ■ | ರ್ಬಾ
? | ? | ರು
?

‘ಜ’ದಿಂದ ಕೆಳಗೆ ನಾಲ್ಕು ಮನೆ. ಗದ್ದೆ, ಪಾಲು ಅಂದ ತಕ್ಷಣ ‘ಜಮೀನ್ದಾರ’ ನೆನಪಾಯಿತು. ಜ, ಮೀ, ನ್ದಾ, ರ. ಸರಿಯಾಗಿ ನಾಲ್ಕು. ಜಮೀನ್ದಾರ ಎಲ್ಲರಿಗೂ ಪಾಲು ಕೊಡುತ್ತಾನೆಯೇ ಅನ್ನುವ ಪ್ರಶ್ನೆ ಒಳಗೇ ಕೊರೆಯುತ್ತಿತ್ತು. ಆದರೂ ಮನೆಗೆ ಸರಿಹೋಯಿತಲ್ಲ ಅಂತ ಬಿಟ್ಟೆ. ಇನ್ನು ಚಾವುಂಡರಾಯನ ಸುಳಿವು. ಮೈಸೂರಿನವರ ಕಿವಿಗೆ ‘ಒಡೆಯರು’ ಅಂದ್ರೆ ಒಂದೇ ಮನೆತನ. ನನ್ನ ತಲೆ ಅರಮನೆ ಸುತ್ತಲೇ ತಿರುಗುತ್ತಿತ್ತು. ಅಲ್ಲಿ ‘ಒಡೆಯರು’ ಅಂದ್ರೆ ಬರೀ ಧಣಿಗಳು ಅಂತ ಹೊಳೆಯಲೇ ಇಲ್ಲ.

ದೋಷ ಬಯಲಾದದ್ದು ಒಂದು ಮನೆಯಿಂದ. 9ನೇ ಪದ ‘ನ್ದಾ’ ಅಂತ ಶುರುವಾಗಬೇಕಿತ್ತು. ಕನ್ನಡದಲ್ಲಿ ಯಾವ ಪದ ‘ನ್ದಾ’ ಅಂತ ಶುರುವಾಗುತ್ತದೆ? ಒಂದೂ ಇಲ್ಲ. ಅಂದರೆ ‘ಜಮೀನ್ದಾರ’ ತಪ್ಪು. ‘ಜ’ದಿಂದ ಶುರುವಾಗುವ ಬೇರೆ ಪದ ಹುಡುಕಿದೆ. ಸುಳಿವಿಗೆ ಹೊಂದುವುದು ಸಿಗಲಿಲ್ಲ. ಹಾಗಾದರೆ ‘ಜ’ ಬಂದದ್ದು ಎಲ್ಲಿಂದ? ‘ಜಲದ’ದಿಂದ. ಆ ಪದಕ್ಕೆ ಸಾಕ್ಷಿ ಹೇಳಿದ್ದು ಯಾರು? ‘ದ’ ಒಂದೇ ಮನೆ. ‘ಜ’ಕ್ಕಾಗಲೀ ‘ಲ’ಕ್ಕಾಗಲೀ ಯಾರೂ ಸಾಕ್ಷಿ ಇರಲಿಲ್ಲ.

ಮೋಡಕ್ಕೆ ಮೂರಕ್ಷರದಲ್ಲಿ, ‘ದ’ದಿಂದ ಮುಗಿಯುವ ಪದಗಳನ್ನು ಪೇಪರಿನ ಅಂಚಿನಲ್ಲಿ ಬರೆದೆ. ಜಲದ, ವಾರಿದ, ಅಂಬುದ, ನೀರದ. ಒಂದೊಂದರ ಮೊದಲಕ್ಷರ ಇಟ್ಟು ನೋಡಿದೆ. ‘ನೀ’ ಇಟ್ಟ ಕೂಡಲೇ ‘ನೀರುಗಂಟಿ’ ಎದ್ದು ನಿಂತ. ಕೆರೆ ತೂಬು ಎತ್ತಿ ಇಡೀ ಊರಿನ ಗದ್ದೆಗಳಿಗೆ ಪಾಳಿ ಪ್ರಕಾರ ನೀರು ಬಿಡುವವನು. ಈಗ ಪಂಚಾಯ್ತಿಯಲ್ಲಿ ನಲ್ಲಿ ನೀರು ಬಿಡುವವರಿಗೂ ಅದೇ ಹೆಸರಿದೆ. ಅವನ ಮೂರನೇ ಅಕ್ಷರ ‘ಗಂ’. ಹಾಗಾಗಿ 9ನೇ ಪದ ‘ಗಂ_ರು’. ಗಂಗರು! ಚಾವುಂಡರಾಯ ಗಂಗರ ಮಂತ್ರಿ, ಸೇನಾಪತಿ. ಅವರ ರಾಜಧಾನಿ ತಲಕಾಡು ನಮ್ಮದೇ ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿದೆ.

ನೀ | ರ | ದ
ರು | ■ | ರ್ಬಾ
ಗಂ | ಗ | ರು
ಟಿ

ಮೂರು ಪದ, ಅರ್ಧ ನಿಮಿಷದಲ್ಲಿ. ಅದಕ್ಕೆ ಮುಂಚೆ 20 ನಿಮಿಷ ಖಾಲಿ ಮನೆಗಳನ್ನೇ ನೋಡುತ್ತಾ ಕಳೆದಿದ್ದೆ.

ಸುಳ್ಳು ಸಾಕ್ಷಿ

ಈ ಮೂಲೆಯಲ್ಲಿ ನನ್ನನ್ನು ಮೋಸ ಮಾಡಿದ್ದು ತಪ್ಪು ಪದ ಒಂದೇ ಆಗಿರಲಿಲ್ಲ. ಆ ತಪ್ಪಿಗೆ ಒಂದು ಸರಿಯಾದ ಪದ ಒಪ್ಪಿಗೆ ಕೊಟ್ಟಿತ್ತು. ‘ದರ್ಬಾರು’ ಸರಿಯೇ ಇತ್ತು. ಅದು ‘ಜಲದ’ಕ್ಕೂ ಒಪ್ಪುತ್ತದೆ, ‘ನೀರದ’ಕ್ಕೂ ಒಪ್ಪುತ್ತದೆ.

ಇದು ಕನ್ನಡ ಪದಬಂಧದಲ್ಲಿ ಜಾಸ್ತಿ ಆಗುತ್ತದೆ. ಕಾರಣ ನಮ್ಮ ಸಮಾನಾರ್ಥಕ ಪದಗಳ ಕಟ್ಟಡ. ನೀರಿಗೆ ಜಲ, ವಾರಿ, ಅಂಬು, ನೀರ ಅಂತ ಹೆಸರುಗಳು. ಅದರ ಮುಂದೆ ‘ಜ’ ಸೇರಿಸಿದರೆ ನೀರಲ್ಲಿ ಹುಟ್ಟಿದ್ದು, ಅಂದರೆ ತಾವರೆ: ಜಲಜ, ವಾರಿಜ, ಅಂಬುಜ, ನೀರಜ. ‘ದ’ ಸೇರಿಸಿದರೆ ನೀರು ಕೊಡುವುದು, ಮೋಡ. ‘ಧಿ’ ಸೇರಿಸಿದರೆ ಕಡಲು: ಜಲಧಿ, ವಾರಿಧಿ, ಅಂಬುಧಿ. ಎಲ್ಲವೂ ಮೂರೇ ಮನೆ. ತಾವರೆ ಅಂತ ಸುಳಿವಿದ್ದರೆ ಕೊನೆಯ ಮನೆ ‘ಜ’ ಅಂತ ಕಣ್ಣು ಮುಚ್ಚಿ ಊಹಿಸಬಹುದು. ಆದರೆ ಆ ‘ಜ’ ಅಡ್ಡ ಪದಕ್ಕೆ, ಅಂದರೆ ಅದೇ ಮನೆಯನ್ನು ಹಾದುಹೋಗುವ ಇನ್ನೊಂದು ಪದಕ್ಕೆ, ಹೊಂದಿತು ಅನ್ನುವುದರಿಂದ ಮೊದಲ ಎರಡು ಮನೆ ಸರಿ ಅಂತ ಆಗುವುದಿಲ್ಲ. ಪಂಕಜ, ಸರೋಜ ಕೂಡ ಅದೇ ಸಾಲಿನಲ್ಲಿ ಕಾಯುತ್ತಿರುತ್ತವೆ.

ಹಾಗಾಗಿ ನಾನು ಈಗ ಹೀಗೆ ಮಾಡುತ್ತೇನೆ. ಬರೀ ಸಮಾನಾರ್ಥ ಕೇಳುವ ಸುಳಿವಿಗೆ ಉತ್ತರ ಬರೆದಾಗ ಸುಳಿವಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡುತ್ತೇನೆ. ಅದರ ಮೊದಲ ಮನೆಗೆ ಬೇರೆ ಪದದ ಸಾಕ್ಷಿ ಸಿಕ್ಕ ಮೇಲಷ್ಟೇ ಚುಕ್ಕೆ ಅಳಿಸುತ್ತೇನೆ. ಮೂಲೆ ಸಿಕ್ಕಿಕೊಂಡಾಗ ಮೊದಲು ನೋಡುವುದು ಚುಕ್ಕೆ ಇರುವ ಪದಗಳನ್ನೇ. ಇಂಥವು ಎರಡು ಮೂರು ಇದ್ದರೆ ಒಂದೊಂದನ್ನೇ ತೆಗೆದು ನೋಡಿ. ಎರಡನ್ನು ಒಟ್ಟಿಗೆ ಅಳಿಸಿದರೆ ಯಾವುದು ತಪ್ಪಿತ್ತು ಅಂತ ಗೊತ್ತಾಗುವುದೇ ಇಲ್ಲ, ಸರಿ ಇದ್ದದ್ದೂ ಕೈ ತಪ್ಪುತ್ತದೆ.

ಅಕ್ಷರವೇ ಹೇಳುವ ತಪ್ಪುಗಳು

ಇಂಗ್ಲಿಷ್ ಪದಬಂಧದ ಉಪಾಯಗಳನ್ನು ಹಾಗೇ ತಂದರೆ ನಮಗೆ ಪೂರ್ತಿ ಉಪಯೋಗಕ್ಕೆ ಬರುವುದಿಲ್ಲ. ಆರ್ಥರ್ ವಿನ್ ಅವರ ಮೊದಲ ಪದಬಂಧ 1913ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಪತ್ರಿಕೆಯಲ್ಲಿ ಬಂದಾಗ ಒಂದು ಮನೆಗೆ 26ರಲ್ಲಿ ಒಂದು ಅಕ್ಷರ ಸಾಕಿತ್ತು. ನಮ್ಮ ಮನೆಯೊಳಗೆ ವ್ಯಂಜನ, ಅದರ ಕಾಗುಣಿತ, ಒತ್ತು, ಸೊನ್ನೆ ಎಲ್ಲ ಒಟ್ಟಿಗೆ ಕೂರುತ್ತವೆ. ವ್ಯಂಜನವೇ 34. ಇದರಿಂದ ಪದಬಂಧ ಕಟ್ಟುವವರಿಗೆ ಕಷ್ಟ ಜಾಸ್ತಿ, ಬಿಡಿಸುವವರಿಗೆ ಅನುಕೂಲ ಜಾಸ್ತಿ. ಅಡ್ಡ ಪದದಿಂದ ಒಂದು ‘ಗಂ’ ಸಿಕ್ಕಿದರೆ ಎಷ್ಟು ದಾರಿಗಳು ಮುಚ್ಚಿಹೋಗುತ್ತವೆ ನೋಡಿ.

ಅರ್ಥವನ್ನೇ ನೋಡದೆ, ಬರೀ ಅಕ್ಷರ ನೋಡಿ ತಪ್ಪು ಹಿಡಿಯಬಹುದು. ಪದದ ಮೊದಲ ಮನೆಗೆ ‘ಳ’ ಅಥವಾ ‘ಣ’ ಬಂದರೆ ಅಡ್ಡ ಪದ ತಪ್ಪಿದೆ. ‘ಕ್ಕ’, ‘ಟ್ಟ’, ‘ಲ್ಲ’ದಂಥ ಅದೇ ಅಕ್ಷರದ ಒತ್ತು ಬಂದರೂ ತಪ್ಪಿದೆ. ‘ರ್ಯ’, ‘ರ್ಬಾ’ದಂಥ ಅರ್ಕಾವತ್ತು ಬಂದರೂ ಅಷ್ಟೇ. ಮೊದಲ ಮನೆಯಲ್ಲಿ ಒತ್ತು ಬರುವುದಾದರೆ ಪ್ರ, ಶ್ರೀ, ಸ್ಥ, ದ್ವಿ, ಕ್ಷ ಇಂಥವು.

ಇದಕ್ಕೆ ತಿರುಗಾ ಇನ್ನೊಂದು ಪರೀಕ್ಷೆ ಇದೆ, ನನಗೆ ತುಂಬಾ ಇಷ್ಟದ್ದು. ಅ, ಆ, ಇ, ಉ ಇವು ಬಿಡಿ ಸ್ವರವಾಗಿ ಕನ್ನಡ ಪದದ ಮೊದಲಲ್ಲಿ ಬರುತ್ತವೆ, ಮಧ್ಯದಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಮಧ್ಯದಲ್ಲಿ ಬಂದರೆ ಅಲ್ಲಿ ‘ಯ’ವೋ ‘ವ’ವೋ ಸೇರಿಕೊಂಡಿರುತ್ತದೆ. ಈಗ ‘ಮನೆ (3)’ ಅಂತ ಸುಳಿವಿದೆ ಅಂದುಕೊಳ್ಳಿ. ಆಲಯ, ನಿಲಯ, ಸದನ, ಭವನ, ವಸತಿ, ಬಿಡಾರ, ಏನು ಬೇಕಾದರೂ ಆಗಬಹುದು. ಆದರೆ ಅದರ ಮೊದಲ ಮನೆ ಇನ್ನೊಂದು ಪದದ ನಡುವೆ ಬರುತ್ತಿದ್ದರೆ ‘ಆಲಯ’ವನ್ನು ನೇರವಾಗಿ ಬಿಟ್ಟುಬಿಡಬಹುದು. ಸುಳಿವಿನ ಕಡೆ ಮತ್ತೆ ನೋಡಬೇಕಾಗಿಲ್ಲ.

ಕೊನೆಯ ಮನೆಯೂ ಮಾತಾಡುತ್ತದೆ. ಸುಳಿವು ಬಹುವಚನದಲ್ಲಿದ್ದರೆ ‘ರು’ ಅಥವಾ ‘ಳು’. ‘ಚಾವುಂಡರಾಯನ ಒಡೆಯರು’ ಅಂತ ಇದ್ದದ್ದಕ್ಕೇ ಉತ್ತರ ‘ಗಂಗ’ ಆಗದೆ ‘ಗಂಗರು’ ಆದದ್ದು. ಇಂಗ್ಲಿಷಿನಿಂದ ಬಂದ ಪದವಾದರೆ ಕೊನೆಗೆ ‘ಉ’ಕಾರ ಹತ್ತಿರುವ ಸಂಭವ ಜಾಸ್ತಿ: ಕಾರು, ಬಸ್ಸು, ಪೆನ್ನು.

ಪದ ಗೊತ್ತು, ಮನೆ ಲೆಕ್ಕ ಕೂಡುತ್ತಿಲ್ಲ

ಇದು ಹೊಸಬರಿಗೆ ಆಗುವ ತೊಂದರೆ, ಬೇಗ ಸರಿಮಾಡಬಹುದು. ಬಾಯಲ್ಲಿ ಹೇಳಿಕೊಂಡು ಬೆರಳು ಮಡಚಿ ಎಣಿಸಿ. ‘ದರ್ಬಾರು’ ಮೂರು ಮನೆ, ‘ದರಬಾರು’ ನಾಲ್ಕು. ‘ಶ್ರೀರಂಗಪಟ್ಟಣ’ ಆರು. ನಾವು ಬಾಯಲ್ಲಿ ಹೇಳುವ ‘ಶ್ರೀರಂಗಪಟ್ನ’ ಐದೇ. ‘ವರ್ಷ’ ಎರಡು, ‘ವರುಷ’ ಮೂರು. ಒಂದೇ ಪದಕ್ಕೆ ಎರಡು ರೂಪ ಇದ್ದರೆ ಲೆಕ್ಕಕ್ಕೆ ಸರಿಹೋಗುವುದನ್ನು ಹಾಕಿ.

ಎರಡು ಹೆಸರಿದ್ದರೂ ಹೀಗೇ. ‘ಕಾವೇರಿಯ ದೊಡ್ಡ ಕಟ್ಟೆ (4)’ ಅಂತ ಒಮ್ಮೆ ಬಂದಿತ್ತು. ಎದುರು ಸೀಟಿನವರು ‘ಕೃಷ್ಣರಾಜಸಾಗರ’ವನ್ನು ನಾಲ್ಕು ಮನೆಗೆ ಹೇಗೆ ತುರುಕುವುದು ಅಂತ ಕೇಳುತ್ತಿದ್ದರು. ಅದು ಏಳು. ಮಂಡ್ಯದ ಹಿರಿಯರು ಈಗಲೂ ಹೇಳುವುದು ‘ಕನ್ನಂಬಾಡಿ’. ಕ, ನ್ನಂ, ಬಾ, ಡಿ. ಕಟ್ಟೆ ಕಟ್ಟುವಾಗ ಮುಳುಗಿದ ಊರಿನ ಹೆಸರು ಅದು.

ಕಿವಿಯಿಂದ ಬರುವ ತಪ್ಪು

ನಮ್ಮ ಕಡೆ ಮಾತಿನಲ್ಲಿ ‘ಹ’ಕಾರ ಬಿದ್ದುಹೋಗುತ್ತದೆ. ಹುಲಿ ‘ಉಲಿ’ ಆಗುತ್ತದೆ, ಹೂವು ‘ಊವು’ ಆಗುತ್ತದೆ. ಅದು ನಮ್ಮ ಮಾತಿನ ಸೊಗಸು. ಆದರೆ ಪದಬಂಧದಲ್ಲಿ ‘ಉಲಿ’ ಬೇರೆಯದೇ ಪದ, ಅದರ ಅರ್ಥ ದನಿ. ಹಳಗನ್ನಡಕ್ಕೆ ಹೋದರೆ ಅದೇ ಪ್ರಾಣಿ ‘ಪುಲಿ’. ಎರಡೇ ಮನೆ, ಎರಡನೆಯದು ಮೂರರಲ್ಲೂ ‘ಲಿ’. ಮೊದಲ ಮನೆ ಜಗಳ ಆಡುತ್ತಿದ್ದರೆ ಸುಳಿವಿನಲ್ಲಿ ‘ಹಳೆಯ’ ಅನ್ನುವ ಮಾತು ಎಲ್ಲಾದರೂ ಇದೆಯಾ ನೋಡಿ. ಪಾಲು (ಹಾಲು), ಪೂ (ಹೂ) ಇಂಥವು ಹೀಗೆಯೇ ಬರುತ್ತವೆ.

ಮಹಾಪ್ರಾಣ, ಶ-ಷ-ಸ, ಲ-ಳ ಇವುಗಳಲ್ಲೂ ಕಿವಿಯನ್ನು ನಂಬಬೇಡಿ. ಅಡ್ಡ ಪದ ‘ದ’ ಅನ್ನುತ್ತಿದೆ, ನಿಮ್ಮ ಪದ ‘ಧ’ ಅನ್ನುತ್ತಿದೆ ಅಂದ್ರೆ ಎರಡರಲ್ಲಿ ಒಂದು ತಪ್ಪು. ‘ಇರಲಿ ಬಿಡಿ, ಹತ್ತಿರ ಇದೆ’ ಅಂತ ಮುಂದೆ ಹೋದವರನ್ನು ನಾನು ನೋಡಿದ್ದೇನೆ. ನಾನೂ ಹೋಗಿದ್ದೇನೆ. ‘ದನ’ಕ್ಕೂ ‘ಧನ’ಕ್ಕೂ ಇರುವ ದೂರ ಅಷ್ಟು ಚಿಕ್ಕದಲ್ಲ.

ಇಂಥ ಕಡೆ ನಿಘಂಟು ತೆಗೆಯುವುದು ಕಳ್ಳತನ ಅಂತ ಕೆಲವರು ಅಂದುಕೊಳ್ಳುತ್ತಾರೆ. ನಾನು ಹಾಗೆ ಅಂದುಕೊಳ್ಳುವುದಿಲ್ಲ. ಪದವನ್ನು ನೀವೇ ಯೋಚಿಸಿ, ಅದರ ಕಾಗುಣಿತ ಸರಿಯಾ ಅಂತ ನೋಡಲು ನಿಘಂಟು ತೆಗೆದರೆ ಅದು ಕಲಿಕೆ. ಹಳೆಯ ಪದಗಳಿಗೆ 1894ರ ಕಿಟ್ಟೆಲ್ ನಿಘಂಟು ಇನ್ನೂ ಕೈ ಬಿಡುವುದಿಲ್ಲ. ಪದಬಂಧ ಹುಟ್ಟಿದ ಅದೇ 1913ರಲ್ಲಿ ಈಗಿನ ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿದ ಜಿ. ವೆಂಕಟಸುಬ್ಬಯ್ಯನವರು ನಿಘಂಟು ಕೆಲಸಕ್ಕೇ ಬದುಕು ಕೊಟ್ಟರು. 107 ವರ್ಷ ಬಾಳಿದರು. ಪತ್ರಿಕೆಯಲ್ಲಿ ಓದುಗರ ಪದದ ಅನುಮಾನಗಳಿಗೆ ವರ್ಷಗಟ್ಟಲೆ ಉತ್ತರ ಬರೆದರು. ಅವರ ಜಿಲ್ಲೆಗೆ ದಿನಾ ಹೋಗಿ ಬರುವ ನಾವು ನಿಘಂಟು ತೆಗೆಯಲು ನಾಚಿಕೊಳ್ಳಬೇಕಾಗಿಲ್ಲ.

ಸುಳಿವೇ ಅರ್ಥವಾಗುತ್ತಿಲ್ಲ

ಸುಳಿವು ಓದಿದರೆ ಏನೋ ಅಸಂಬದ್ಧ ಅನ್ನಿಸಿದರೆ ಅದು ಒಗಟು. ಅದನ್ನು ವಾಕ್ಯದಂತೆ ಓದಬೇಡಿ, ತುಂಡು ಮಾಡಿ ಓದಿ. ಒಂದು ತುದಿಯಲ್ಲಿ ಅರ್ಥ ಇರುತ್ತದೆ, ಉಳಿದದ್ದು ಪದ ಕಟ್ಟುವ ದಾರಿ.

‘ನದಿ ಹಿಂದಕ್ಕೆ ಹರಿದರೆ ಒಂದು ದಿವಸ (2)’. ನ-ದಿ, ತಿರುಗಿಸಿದರೆ ದಿ-ನ. ‘ದಸರೆ ಆನೆ ಹಿಂತಿರುಗಿದರೆ ಲೋಕವೇ ಕಾಣುತ್ತದೆ (2)’. ಗಜ ತಿರುಗಿ ಜಗ. ನಮ್ಮಲ್ಲಿ ಮನೆ ಮನೆಯಾಗಿ ತಿರುಗುತ್ತದೆ, ಕಾಗುಣಿತ ಅಕ್ಷರದ ಜೊತೆಯಲ್ಲೇ ಬರುತ್ತದೆ. ವಾಲ್ಮೀಕಿಯ ಕಥೆಯಲ್ಲಿ ‘ಮರಾ ಮರಾ’ ಅನ್ನುತ್ತಾ ಹೋದದ್ದು ‘ರಾಮ’ ಆಯಿತಲ್ಲ, ಅದೇ ಲೆಕ್ಕ. ‘ತಲೆ ಕಳೆದುಕೊಂಡ ಯುದ್ಧ ನೆರಳು ಕೊಡುತ್ತದೆ (2)’ ಅಂದರೆ ಸಮರದ ಮೊದಲ ಮನೆ ತೆಗೆದು ‘ಮರ’. ತಿರುಗಿದ, ತಲೆಯಿಲ್ಲದ, ಬಾಲ ಕತ್ತರಿಸಿದ, ಒಳಗಿರುವ, ಚದುರಿದ, ಈ ಮಾತುಗಳು ಕಂಡರೆ ಅಲ್ಲಿ ಪೆನ್ಸಿಲ್ ಇಡಿ. ಚದುರಿದ ಪದಕ್ಕೆ ಹೆದರಬೇಡಿ. ಮೂರು ಮನೆಯ ಪದವನ್ನು ಜೋಡಿಸುವ ದಾರಿ ಆರೇ ಆರು, ಬರೆದು ನೋಡಬಹುದು.

ಪೇಪರಿನದೇ ತಪ್ಪು ಇರಬಹುದೇ?

ಇರಬಹುದು, ಆದರೆ ಅಪರೂಪ. ಸುಳಿವಿನ ಪಕ್ಕದ ಸಂಖ್ಯೆಗೂ ಮನೆಗಳಿಗೂ ತಾಳೆ ಆಗದಿದ್ದರೆ, ಅಥವಾ ಎರಡು ಗಟ್ಟಿ ಪದಗಳು ಒಂದೇ ಮನೆಯಲ್ಲಿ ಬೇರೆ ಬೇರೆ ಅಕ್ಷರ ಕೇಳಿದರೆ ಅನುಮಾನಿಸಿ. ಗಟ್ಟಿ ಅಂದರೆ ಎರಡಕ್ಕೂ ಬೇರೆ ಕಡೆಯಿಂದ ಸಾಕ್ಷಿ ಇರಬೇಕು. ಅಲ್ಲಿಯವರೆಗೆ ತಪ್ಪು ನಮ್ಮದೇ ಅಂತ ಹುಡುಕುವುದು ಒಳ್ಳೆಯದು.

ಸರಿ ಇದೆ, ಯಾಕೆ ಸರಿ ಅಂತ ಗೊತ್ತಿಲ್ಲ

ಇದನ್ನು ದೋಷ ಅಂತ ಯಾರೂ ಎಣಿಸುವುದಿಲ್ಲ. ನಾನು ಎಣಿಸುತ್ತೇನೆ. ಅಡ್ಡ ಪದಗಳಿಂದ ಎಲ್ಲ ಮನೆ ತುಂಬಿ ಉತ್ತರ ತಾನಾಗಿ ಬಂದಿರುತ್ತದೆ, ಸುಳಿವಿಗೂ ಅದಕ್ಕೂ ಏನು ಸಂಬಂಧ ಅಂತ ಗೊತ್ತಿರುವುದಿಲ್ಲ. ಸುಮ್ನೆ ಬಿಟ್ಟರೆ ಅಂಥದೇ ಸುಳಿವು ಮತ್ತೆ ಬಂದಾಗ ಅಲ್ಲೇ ನಿಲ್ಲುತ್ತೇವೆ.

‘ಟೀ ಕುಡಿದು ಮರದಡಿ ಬಂದರೆ ದೇವರಿಗೆ ಗಾಳಿ (3)’ ಅಂತ ಒಂದು ಸುಳಿವು. ಅಡ್ಡ ಪದಗಳಿಂದ ‘ಚಾಮರ’ ಅಂತ ಬಂತು. ದೇವರಿಗೆ ಬೀಸುವುದು ಚಾಮರ, ಸರಿ. ಮರ ಕೂಡ ಕಾಣುತ್ತಿದೆ. ಟೀ ಎಲ್ಲಿ? ನನಗೆ ಹೊಳೆಯಲಿಲ್ಲ. ಕುಡಿಯುವುದೇ ಕಾಫಿ, ಟೀಗೆ ಟೀ ಅನ್ನುವುದು ಬಿಟ್ಟರೆ ಬೇರೆ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ. ಆ ಸುಳಿವನ್ನು ಸುತ್ತು ಹಾಕಿ ಇಟ್ಟುಕೊಂಡು ಮಂಡ್ಯದಲ್ಲಿ ಇಳಿದೆ. ಆಫೀಸಿನಲ್ಲಿ ಕುಂದಾಪುರದ ಕಡೆಯ ಸಹೋದ್ಯೋಗಿಗೆ ತೋರಿಸಿದೆ. ಅವರು ಓದಿ ಮುಗಿಸುವ ಮೊದಲೇ ತಲೆ ಎತ್ತಿ, ‘ನಮ್ಮ ಬದಿಯಲ್ಲಿ ಅದಕ್ಕೆ ಚಾ ಅಂತಲೇ ಹೇಳುವುದಲ್ವಾ?’ ಅಂದರು.